ಅಪ್ಪಯ್ಯನ ದೋಣಿಗೆ ಹೊಸ ಇಂಜಿನ್ ಕೂರಿಸುವ ಮೊದಲು

ಗಂಗೊಳ್ಳಿಯಲ್ಲಿರುವ ನಮ್ಮ 18 ಅಡಿಯ ಫೈಬರ್ ದೋಣಿಗೆ 20 ವರ್ಷ ದಾಟಿದೆ. ಅಪ್ಪಯ್ಯ ಅದರಲ್ಲೇ ಪಂಚಗಂಗಾವಳಿ ನದಿಯ ಅಳಿವೆ ದಾಟಿ ಮೀನಿಗೆ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಅದಕ್ಕೆ 4 ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಹಾಕಲು ಹೊರಟೆ. ಹಳೆಯ 2 ಸ್ಟ್ರೋಕ್‌ಗಿಂತ ಇದರ ತೂಕ ಜಾಸ್ತಿ. ಹಾಗಾಗಿ ಇಂಜಿನ್ ಕೂರುವ ಹಿಂಬದಿ ಗಟ್ಟಿಯಿದೆಯಾ ಅಂತ ಮೊದಲು ನೋಡಬೇಕಿತ್ತು.

ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಮೇಲೆಲ್ಲ ಟಕ್ ಟಕ್ ಅಂತ ಗಟ್ಟಿ ಸದ್ದು. ಬೋಲ್ಟ್ ತೂತುಗಳ ಹತ್ತಿರ ಮಾತ್ರ ಮಂಕು ಸದ್ದು. ಫೈಬರ್ ಕತ್ತರಿಸಿ ತೆಗೆದರೆ ಒಳಗಿನ ಪ್ಲೈವುಡ್ ನೆನೆದ ರೊಟ್ಟಿಯಂತೆ ಕೈಗೆ ಬಂತು. ಹೊರಗೆ ಬಣ್ಣ ಹೊಳೆಯುತ್ತಲೇ ಇತ್ತು! ತೂತಿಗೆ ನೀರು ತಡೆಯುವ ಸೀಲಂಟ್ ತುಂಬದಿದ್ದರೆ ನೀರು ಹೀಗೇ ಸದ್ದಿಲ್ಲದೆ ಒಳಗೆ ಇಳಿಯುತ್ತದೆ.

ನೀರು ತಾಳುವ ಮರೈನ್ ಪ್ಲೈ ಎರಡು ಪದರ ಅಂಟಿಸಿ ಕೂರಿಸಿದೆ. ಅದರ ಮೇಲೆ ಗಾಜಿನ ಎಳೆಗಳ ಫೈಬರ್ ಮ್ಯಾಟ್, ಅದನ್ನು ಅಂಟಿಸುವ ದ್ರವ ರೆಸಿನ್. ಈ ಕೆಲಸವನ್ನು ಮೇ ತಿಂಗಳ ಮಧ್ಯಾಹ್ನ ಮಾತ್ರ ಮಾಡಬೇಡಿ. ಮೊದಲ ದಿನ 1 ಕೆಜಿ ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ 20 ಗ್ರಾಂ ಹಾಕಿದೆ. ನಾಲ್ಕು ಸಲ ಬ್ರಷ್ ಎಳೆಯುವಷ್ಟರಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗಿ, ಮುಟ್ಟಲಾಗದಷ್ಟು ಬಿಸಿಯಾಯಿತು. ಮರುದಿನ ಬೆಳಗ್ಗೆ 6 ಗಂಟೆಗೇ ಶುರು ಮಾಡಿದೆ. ಅರ್ಧ ಕೆಜಿಗೆ 5 ಗ್ರಾಂ ಸಾಕಾಯಿತು. ಗ್ರೈಂಡರ್ ಹಿಡಿಯುವಾಗ ಮಾಸ್ಕ್ ಬೇಕೇ ಬೇಕು, ಗಾಜಿನ ಧೂಳು ಅದು.

ವೈರಿಂಗ್ ಪೂರ್ತಿ ಬದಲಿಸಿದೆ. ತವರ ಲೇಪಿಸಿದ ತಾಮ್ರದ ವೈರ್ ದುಬಾರಿ, ಆದರೆ ಉಪ್ಪುಗಾಳಿಗೆ ಅದೇ ಸರಿ.

ನಿನ್ನೆ ಸಂಜೆ ಅಪ್ಪಯ್ಯ ಬಂದು ಅದೇ ಸುತ್ತಿಗೆಯಿಂದ ತಟ್ಟಿ ನೋಡಿದರು. "ಈಗ ಸಮ ಆಯ್ತ್ ಮಗಾ" ಅಂದರು.