ಬ್ಲ್ಯಾಂಕ್ ಸೊನ್ನೆ ಇತ್ತು, ರಿಪೋರ್ಟ್ ತಪ್ಪಿತ್ತು

ಹಾಸನದಲ್ಲಿ ಒಂದು ಬಟ್ಟೆ ಕಾರ್ಖಾನೆಯ ಲ್ಯಾಬ್‌ನಲ್ಲಿ ನನ್ನ ಕೆಲಸ. ಬಣ್ಣದ ಪುಡಿ ಡ್ರಮ್‌ಗಟ್ಟಲೆ ಬರುತ್ತದೆ. ಒಳಗೆ ಬಿಡುವ ಮುಂಚೆ ಪ್ರತಿ ಲಾಟ್‌ನಿಂದ ಚೂರು ತೆಗೆದು ಸ್ಟ್ರೆಂತ್, ಅಂದರೆ ಬಣ್ಣದ ಕಸುವು, ನೋಡಬೇಕು. ನಮ್ಮ ಸ್ಟ್ಯಾಂಡರ್ಡ್‌ಗೆ ಹೋಲಿಸಿದಾಗ ಶೇ 95ಕ್ಕಿಂತ ಕಡಿಮೆ ಬಂದರೆ ಕೆಂಪು ಚೀಟಿ. ಸೇರಿ ಆಗ ಇನ್ನೂ ಎಂಟು ತಿಂಗಳು. ಕೆಂಪು ಚೀಟಿ ಅಂಟಿಸೋದಕ್ಕೆ ಬಿಟ್ಟಿದ್ದಾರೆ ಅನ್ನೋದೇ ನನಗೊಂದು ಜಂಬ.

ಆ ಜುಲೈನಲ್ಲಿ ಮಳೆ ಬಿಟ್ಟಿರಲಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಯಿತು. ಮಂಗಳೂರಿನಿಂದ ನಮಗೆ ಡಿಎಂಎಫ್ ಕ್ಯಾನ್ ತರುತ್ತಿದ್ದ ಲಾರಿ ಗುಂಡ್ಯದಲ್ಲೇ ನಿಂತಿತು. ಡಿಎಂಎಫ್ ಅಂದರೆ ಡೈಮೀಥೈಲ್ ಫಾರ್ಮಮೈಡ್. ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಡೈ ನೀರಿನಲ್ಲಿ ಸರಿಯಾಗಿ ಕರಗಲ್ಲ, ತೇಲಾಡಿಕೊಂಡಿರುತ್ತದೆ ಅಷ್ಟೆ. ಅದಕ್ಕೇ ಈ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಬೇಕು. ಇತ್ತ ಕಡುಗೆಂಪು ಡೈನ ಹೊಸ ಲಾಟ್ ಬಂದು ಕೂತಿದೆ, ಪ್ರೊಡಕ್ಷನ್‌ನವರು ಗಂಟೆಗೊಂದು ಫೋನ್ ಮಾಡುತ್ತಿದ್ದಾರೆ. ಕಪಾಟಿನಲ್ಲಿ ಅಸಿಟೋನ್ ಬೇಕಾದಷ್ಟಿತ್ತು. ಅದರಲ್ಲೂ ಡೈ ಕರಗುತ್ತದೆ. ಕರಗಿದರೆ ಸಾಕಲ್ವಾ ಅಂದುಕೊಂಡೆ.

0.1 ಗ್ರಾಂ ಪುಡಿ ತೂಗಿದೆ. ರಾಗಿ ಅಂಬಲಿಗೆ ಹಿಟ್ಟು ಕದಡುವ ಹಾಗೆ ಮೊದಲು ಎರಡು ಹನಿ ನೀರಲ್ಲಿ ಗಂಟಿಲ್ಲದೆ ಕಲಸಿ, ಅಸಿಟೋನ್ ಸುರಿದು 100 ಮಿಲಿಗೆ ತಂದೆ. ಅದರಲ್ಲಿ 2 ಮಿಲಿ ತೆಗೆದು ಮತ್ತೆ 100 ಮಿಲಿ ಮಾಡಿದೆ. ದ್ರಾವಣ ಎಷ್ಟು ಬೆಳಕು ಕುಡಿಯುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಮೊದಲು ಡೈ ಇಲ್ಲದ ಖಾಲಿ ಅಸಿಟೋನ್ ಇಟ್ಟು ಸೊನ್ನೆ ಮಾಡಿದೆ, ಇದಕ್ಕೇ ಬ್ಲ್ಯಾಂಕ್ ಅನ್ನೋದು. ಆಮೇಲೆ ಮೆಥಡ್ ಶೀಟ್‌ನಲ್ಲಿ ಬರೆದಂತೆ 504 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಡೈ ದ್ರಾವಣ ಓದಿದೆ. 0.697. ಫೈಲ್‌ನಲ್ಲಿದ್ದ ಸ್ಟ್ಯಾಂಡರ್ಡ್‌ನ ರೀಡಿಂಗ್ 0.742. ಭಾಗಿಸಿದರೆ ಶೇ 94ರ ಹತ್ತಿರ. ಇನ್ನೊಂದು ಸಲ ತೂಗಿ ಮಾಡಿದೆ, ಅಷ್ಟೇ ಬಂತು. ಆರು ಡ್ರಮ್‌ಗೂ ಚೀಟಿ ಬಿತ್ತು.

ಎರಡು ದಿನ ಬಿಟ್ಟು ಡೈ ಕಂಪನಿಯ ಕಡೆಯವರೊಬ್ಬರು ಬಂದರು. ಕೂಗಾಡುತ್ತಾರೆ ಅಂತ ಕಾದಿದ್ದೆ. ಅವರು ಟೀ ಕುಡಿಯುತ್ತಾ ಕೇಳಿದ್ದು ಒಂದೇ ಮಾತು. "ಮೇಡಂ, ಯಾವುದರಲ್ಲಿ ಕರಗಿಸಿದ್ರಿ?"

ಅಸಿಟೋನ್ ಅಂದೆ. "ಆದರೆ ಬ್ಲ್ಯಾಂಕ್ ಕೂಡ ಅಸಿಟೋನ್‌ದೇ ಇಟ್ಟಿದ್ದೀನಿ ಸರ್" ಅಂತ ಜೋರಾಗೇ ಸೇರಿಸಿದೆ. ಪಕ್ಕದಲ್ಲಿದ್ದ ನಮ್ಮ ಸೀನಿಯರ್ ಮೇಡಂ ಬಟ್ಟಲು ಕೆಳಗಿಟ್ಟರು. "ಬ್ಲ್ಯಾಂಕ್ ಏನನ್ನ ಕಳೆಯುತ್ತೆ ಹೇಳಮ್ಮ?"

ಸಾಲ್ವೆಂಟ್ ತಾನೇ ಕುಡಿಯುವ ಬೆಳಕನ್ನ. ಗೊತ್ತಿದ್ದ ಉತ್ತರವೇ. ಸಾಲ್ವೆಂಟ್ ಡೈಗೆ ಏನು ಮಾಡುತ್ತದೋ ಅದನ್ನು ಬ್ಲ್ಯಾಂಕ್ ಕಳೆಯಲ್ಲ ಅನ್ನೋದು ಮಾತ್ರ ತಲೆಗೆ ಹೊಳೆದೇ ಇರಲಿಲ್ಲ. ಬ್ಲ್ಯಾಂಕ್ ಸೊನ್ನೆ ಮಾಡಿದರೆ ಸಾಲ್ವೆಂಟ್‌ನ ಲೆಕ್ಕ ಚುಕ್ತಾ ಅಂತಲೇ ನಾನು ನಂಬಿದ್ದೆ.

ಮೇಡಂ ಎರಡು ಟೆಸ್ಟ್ ಟ್ಯೂಬ್ ತಂದರು. ಒಂದರಲ್ಲಿ ಹೆಕ್ಸೇನ್, ಇನ್ನೊಂದರಲ್ಲಿ ಸ್ಪಿರಿಟ್. ಎರಡಕ್ಕೂ ಸಾಸಿವೆ ಕಾಳಿಗಿಂತ ಚಿಕ್ಕ ಅಯೋಡಿನ್ ಹರಳು ಹಾಕಿ ಅಲ್ಲಾಡಿಸಿದರು. ಹೆಕ್ಸೇನ್‌ನಲ್ಲಿ ನೇರಳೆ ಹಣ್ಣಿನ ರಸದ ಬಣ್ಣ. ಸ್ಪಿರಿಟ್‌ನಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್‌ನ ಕಂದು. ಅದೇ ಡಬ್ಬಿಯ ಅದೇ ಅಯೋಡಿನ್. ಕಾಲೇಜಿನಲ್ಲಿ ಟಿಂಚರ್ ನೂರು ಸಲ ನೋಡಿದ್ದೆ, ಯಾಕೆ ಕಂದು ಅಂತ ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ನನ್ನ ಅಸಿಟೋನ್ ದ್ರಾವಣವನ್ನೇ 400ರಿಂದ 700ರವರೆಗೆ ಸ್ಕ್ಯಾನ್ ಹಾಕಿಸಿದರು. ಗುಡ್ಡದಂಥ ಗೆರೆ ಮೂಡಿತು. ಗುಡ್ಡದ ನೆತ್ತಿ, ಅಂದರೆ ಪೀಕ್, ಡಿಎಂಎಫ್‌ನಲ್ಲಿ ಇರುವ ಹಾಗೆ 504ರಲ್ಲಿ ಇರಲಿಲ್ಲ, 488ರಲ್ಲಿತ್ತು! ನಾನು ಓದಿದ್ದು ಇಳಿಜಾರಿನ ಮೇಲೆ ನಿಂತು. ಡೈ ಕಡಿಮೆಯಾಗಿರಲಿಲ್ಲ, ಪೀಕ್ 16 ನ್ಯಾನೋಮೀಟರ್ ನೀಲಿ ಕಡೆಗೆ ಸರಿದಿತ್ತು.

ಯಾಕೆ ಸರಿಯುತ್ತದೆ? ನಮ್ಮ ಕೆಂಪು ಒಂದು ಅಜೋ ಡೈ, ಅಂದರೆ ನಡುವೆ ಎರಡು ನೈಟ್ರೋಜನ್ ಜೋಡಿಯಾಗಿರುವ ಬಣ್ಣ. ಅದರ ಒಂದು ತುದಿ ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ತುದಿಯ ನೈಟ್ರೋ ಗುಂಪು ಎಳೆದುಕೊಳ್ಳುತ್ತದೆ. ಬೆಳಕು ಬಿದ್ದಾಗ ಈ ಎಳೆದಾಟ ಇನ್ನೂ ಜಾಸ್ತಿ. ಒಂದು ತುದಿ ಧನ, ಇನ್ನೊಂದು ತುದಿ ಋಣ ಆಗಿ ನಿಲ್ಲುತ್ತದೆ. ಹೀಗೆ ಧನ-ಋಣ ತುದಿಗಳಿರೋದಕ್ಕೇ ಧ್ರುವೀಯ ಅನ್ನೋದು. ಡಿಎಂಎಫ್‌ನಂಥ ಹೆಚ್ಚು ಧ್ರುವೀಯ ಸಾಲ್ವೆಂಟ್ ಆ ಸ್ಥಿತಿಯನ್ನು ಚೆನ್ನಾಗಿ ಅಪ್ಪಿ ಹಿಡಿದು ಅದರ ಶಕ್ತಿಯ ಮಟ್ಟವನ್ನು ಕೆಳಗಿಳಿಸುತ್ತದೆ. ಅಟ್ಟ ಕೆಳಗಿಳಿದರೆ ಏಣಿ ಚಿಕ್ಕದು ಸಾಕು. ಏಣಿ ಚಿಕ್ಕದಾದರೆ ಕಡಿಮೆ ಶಕ್ತಿಯ, ಅಂದರೆ ಉದ್ದ ತರಂಗದ ಬೆಳಕೇ ಸಾಕು. ಅಸಿಟೋನ್‌ನಲ್ಲಿ ಆ ಹಿಡಿತ ಸ್ವಲ್ಪ ಸಡಿಲ. ಹಾಗಾಗಿ ಪೀಕ್ ಈ ಕಡೆ ಬಂತು.

ಎಲ್ಲ ಡೈಗಳೂ ಹೀಗೇ ಅಂತಲ್ಲ, ತಿರುಗಿಸಿ ನಡೆಯುವವೂ ಇವೆ. ಜರ್ಮನಿಯ ರೈಖಾರ್ಟ್ ಮತ್ತು ಡಿಮ್ರೋಟ್ 1963ರಲ್ಲಿ ಪ್ರಕಟಿಸಿದ ಕೆಲಸದ ಒಂದು ಡೈ ಇದರಲ್ಲಿ ಹೆಸರುವಾಸಿ. ಅದು ಬೆಳಕು ಬೀಳುವ ಮೊದಲೇ ಜಾಸ್ತಿ ಧ್ರುವೀಯ. ಆದ್ದರಿಂದ ಧ್ರುವೀಯ ಸಾಲ್ವೆಂಟ್ ಅಟ್ಟವನ್ನು ಬಿಟ್ಟು ನೆಲವನ್ನೇ, ಅಂದರೆ ಬೆಳಕು ಬೀಳುವ ಮೊದಲಿನ ಸ್ಥಿತಿಯನ್ನೇ, ಕೆಳಗಿಳಿಸುತ್ತದೆ, ಏಣಿ ಉದ್ದವಾಗುತ್ತದೆ. ಅದರ ಪೀಕ್ ನೀರಿನಲ್ಲಿ 453, ಮೆಥನಾಲ್‌ನಲ್ಲಿ ಸುಮಾರು 515, ಎಥನಾಲ್‌ನಲ್ಲಿ ಸುಮಾರು 550, ಅಸಿಟೋನ್‌ನಲ್ಲಿ 677 ನ್ಯಾನೋಮೀಟರ್. ಕಣ್ಣಿಗೆ ಮೆಥನಾಲ್‌ನಲ್ಲಿ ಕೆಂಪು, ಎಥನಾಲ್‌ನಲ್ಲಿ ನೇರಳೆ, ಅಸಿಟೋನ್‌ನಲ್ಲಿ ಹಸಿರು. ಪುಡಿ ಒಂದೇ. ಸಾಲ್ವೆಂಟ್ ಎಷ್ಟು ಧ್ರುವೀಯ ಅಂತ ಅಳೆಯೋದಕ್ಕೇ ಈ ಡೈಯನ್ನು ಅಳತೆಗೋಲು ಮಾಡಿಕೊಂಡಿದ್ದಾರೆ.

488ರಲ್ಲಿ ಓದಿದಾಗ ನಮ್ಮ ಲಾಟ್ 0.739 ಕೊಟ್ಟಿತು. "ಹಾಗಾದರೆ 0.742ಗೆ ಹೋಲಿಸಿ ಪಾಸ್ ಮಾಡಿಬಿಡಲಾ?" ಅಂದೆ. ಮೇಡಂ ನಕ್ಕರು. ಪೀಕ್ ಸರಿಯುವಾಗ ಅದರ ಎತ್ತರ, ಅಗಲ ಕೂಡ ಬದಲಾಗಬಹುದು. ಡಿಎಂಎಫ್‌ನ ಹಳೇ ಅಂಕಿಯನ್ನು ಅಸಿಟೋನ್‌ಗೆ ಎಳೆದು ತರುವ ಹಾಗಿಲ್ಲ. ಸ್ಟ್ಯಾಂಡರ್ಡ್ ಡಬ್ಬಿ ತೆಗೆಸಿ ಅದನ್ನೂ ಅವತ್ತೇ, ಅದೇ ಬಾಟಲಿಯ ಅಸಿಟೋನ್‌ನಲ್ಲಿ ಕರಗಿಸು ಅಂದರು. ಅದು 0.745 ಬಂತು. ಲಾಟ್ ಶೇ 99.2. ಹೀಗೆ ಪಕ್ಕಪಕ್ಕದಲ್ಲಿ ಇಟ್ಟಿದ್ದರೆ 504ರಲ್ಲೇ ಓದಿದ್ದರೂ ಎರಡೂ ಒಟ್ಟಿಗೇ ಇಳಿದು ಉತ್ತರ ಸರಿಯೇ ಬರುತ್ತಿತ್ತು. ನನ್ನ ನಿಜವಾದ ತಪ್ಪು ಅಸಿಟೋನ್ ಬಳಸಿದ್ದಲ್ಲ, ಫೈಲ್‌ನ ಅಂಕಿಯನ್ನು ನಂಬಿದ್ದು.

ಅಸಿಟೋನ್‌ಗೆ ಅದರದ್ದೇ ತರಲೆಗಳೂ ಇವೆ. ಮುಚ್ಚಳ ಹಾಕದೆ ಫೋನ್ ಎತ್ತಿಕೊಂಡು ಹೋದರೆ ಬರುವಷ್ಟರಲ್ಲಿ ಆವಿಯಾಗಿ ರೀಡಿಂಗ್ ಏರಿರುತ್ತದೆ. ಹೊಸ ಹುಡುಗನೊಬ್ಬ ಅದನ್ನು ಪ್ಲಾಸ್ಟಿಕ್ ಕ್ಯುವೆಟ್‌ಗೆ, ಅಂದರೆ ದ್ರಾವಣ ತುಂಬಿ ಯಂತ್ರದಲ್ಲಿಡುವ ಪುಟ್ಟ ಕೊಳವೆಗೆ, ಸುರಿದಿದ್ದ. ನೋಡನೋಡುತ್ತಾ ಗೋಡೆ ಚಳಿಗಾಲದ ಬಸ್ ಕಿಟಕಿ ಹಾಗೆ ಮಂಜಾಯಿತು. ಗಾಜಿನದ್ದೇ ಬೇಕು.

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಕಾಟನ್ ಕ್ಯಾಂಡಿಯ ರೋಡಮೈನ್ ಬಿಗೆ ನಿಷೇಧ ಬಂತಲ್ಲ, ಆಗ ಓಣಿಯವರೆಲ್ಲ ನನ್ನನ್ನು ಬಣ್ಣದ ಪಂಡಿತೆ ಮಾಡಿಬಿಟ್ಟಿದ್ದರು. ಅದೂ ಇದೇ ಜಾತಿಯ ಕಿಲಾಡಿ. ನೀರಿನಲ್ಲಿ ಹೊಳೆಯುವ ಗುಲಾಬಿ. ಆದರೆ ಅದರ ಒಂದು ರೂಪ ಅಸಿಟೋನ್‌ನಂಥ ದ್ರವದಲ್ಲಿ ಒಳಗೇ ಉಂಗುರ ಕಟ್ಟಿಕೊಂಡು ಬಣ್ಣವೇ ಇಲ್ಲದ ಹಾಗಾಗುತ್ತದೆ. ಬಣ್ಣ ಕಾಣದಿದ್ದರೆ ಡೈ ಇಲ್ಲ ಅಂತ ಅರ್ಥ ಅಲ್ವಾ ಅಂತ ಈಗ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ಯಾವುದರಲ್ಲಿ ಕರಗಿಸಿದ್ರಿ ಅಂತ.

ಡ್ರಮ್‌ಗಳು ಗೋಡೌನ್ ಬಾಗಿಲಲ್ಲೇ ಇದ್ದವು. ಅಂಟಿಸಿದವಳೇ ಕೀಳಬೇಕಲ್ಲ, ಹೋದೆ. ಚೀಟಿ ಹರಿಯಿತು, ಅಂಟು ಬಿಡಲಿಲ್ಲ. ಉಗುರಲ್ಲಿ ಕೆರೆದೆ, ಆಗಲಿಲ್ಲ. ಕೊನೆಗೆ ಬಟ್ಟೆ ಚೂರಿಗೆ ಒಂದಿಷ್ಟು ಅಸಿಟೋನ್ ಹಾಕಿಕೊಂಡು ಆರೂ ಡ್ರಮ್ ಒರೆಸಿದೆ. ಡೈ ಕಂಪನಿಯವರು ಬಾಗಿಲಲ್ಲಿ ನಿಂತು, "ಇದಕ್ಕೆ ಮಾತ್ರ ಇದೇ ಸರಿ ಮೇಡಂ" ಅಂದರು.