ವರ್ಷವಿಡೀ ಗೆದ್ದ ಕೋಚನ್ನು ಒಂದು ಸೋಲಿಗೆ ತೆಗೆಯಬೇಕೇ?

ನಾನು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಅಲ್ಲಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡದ ಅಭಿಮಾನಿ ಎಂದು ಗೊತ್ತಿರುವ ಊರಿನ ಗೆಳೆಯರೂ ನೆಂಟರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ವರ್ಷಕ್ಕೆ ಹತ್ತು ಹನ್ನೊಂದು ಪಂದ್ಯ ಗೆಲ್ಲಿಸಿಕೊಡುವ ಕೋಚನ್ನು, ಮಿಷಿಗನ್ ವಿರುದ್ಧ ಸೋತರೆಂಬ ಒಂದೇ ಕಾರಣಕ್ಕೆ ಮನೆಗೆ ಕಳಿಸಿ ಅನ್ನುವುದು ಯಾವ ನ್ಯಾಯ?’ ನನ್ನ ಉತ್ತರ ಇಷ್ಟು. ಆ ಒಂದು ಪಂದ್ಯವನ್ನು ಉಳಿದೆಲ್ಲ ಪಂದ್ಯಗಳಿಂದ ಬೇರೆಯಾಗಿಯೇ ತೂಗಬೇಕು. ಆದರೆ ಕೋಚನ್ನು ತೆಗೆಯುವ ತೀರ್ಮಾನವನ್ನು ಆ ಪಂದ್ಯ ಮುಗಿದ ವಾರದಲ್ಲಿ ಮಾಡಬಾರದು.

ಮೊದಲ ಮಾತನ್ನು ಒಪ್ಪುವುದು ದೂರದವರಿಗೆ ಕಷ್ಟ. ಓಹಾಯೋ ಸ್ಟೇಟ್ ಮತ್ತು ಪಕ್ಕದ ರಾಜ್ಯದ ಮಿಷಿಗನ್, ಇವೆರಡು ವಿಶ್ವವಿದ್ಯಾಲಯಗಳು 1897ರಿಂದ ಆಡುತ್ತಿವೆ, ಪ್ರತಿವರ್ಷ ನವೆಂಬರ್ ಕೊನೆಯ ಹೊತ್ತಿಗೆ ಎದುರಾಗುತ್ತವೆ, ಎರಡು ರಾಜ್ಯಗಳ ನಡುವೆ 1835ರಲ್ಲಿ ಟೊಲೀಡೋ ಪಟ್ಟಣದ ಗಡಿಗಾಗಿ ನಡೆದ ಜಗಳದ ನೆನಪೂ ಇದಕ್ಕೆ ಸೇರಿಕೊಂಡಿದೆ ಎಂದು ಹೇಳಬಹುದು. ಆದರೆ ಇದನ್ನೆಲ್ಲ ಬದಿಗಿಟ್ಟು ನಾನು ಮುಂದಿಡುವುದು ಬೇರೆಯ ಕಾರಣವನ್ನು. ಕಾಲೇಜು ಆಟಗಾರನೊಬ್ಬ ಒಂದು ತಂಡದಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕು ವರ್ಷ. ಅವನಿಗೆ ಮಿಷಿಗನ್ ಎದುರಾಗುವುದೂ ನಾಲ್ಕೇ ಸಲ. ವೃತ್ತಿಪರ ಲೀಗ್‌ಗಳಲ್ಲಿ ಸೋತ ಆಟಗಾರ ಹತ್ತು ವರ್ಷ ಕಾದು ಸೇಡು ತೀರಿಸಿಕೊಳ್ಳಬಹುದು. ಇಲ್ಲಿ ಆ ಅವಕಾಶ ಇಲ್ಲ. ಮಿಷಿಗನ್ ವಿರುದ್ಧ ಗೆದ್ದ ವರ್ಷ ಓಹಾಯೋ ಸ್ಟೇಟ್ ತನ್ನ ಆಟಗಾರರಿಗೆ ಪುಟ್ಟ ಪ್ಯಾಂಟಿನ ಆಕಾರದ ಚಿನ್ನದ ಪದಕವೊಂದನ್ನು ಕೊಡುತ್ತದೆ. ಮಿಷಿಗನ್‌ನವರೂ ನಮ್ಮ ಹಾಗೆಯೇ ಒಂದೊಂದು ಕಾಲನ್ನೇ ತೂರಿಸಿ ಪ್ಯಾಂಟು ಹಾಕಿಕೊಳ್ಳುವವರು ಎಂದು ಆಗಿನ ಕೋಚ್ ಫ್ರಾನ್ಸಿಸ್ ಶ್ಮಿಟ್ ಹೇಳಿದ ಮಾತಿನಿಂದ 1934ರಲ್ಲಿ ಹುಟ್ಟಿದ ಸಂಪ್ರದಾಯವಿದು. ಬೇರೆ ಯಾವ ತಂಡವನ್ನು ಎಷ್ಟು ಸಲ ಸೋಲಿಸಿದರೂ ಆ ಪದಕ ಸಿಗುವುದಿಲ್ಲ. ಕೋಚ್‌ಗೆ ಮುಂದಿನ ವರ್ಷ ಎಂಬುದೊಂದಿದೆ, ಕೊನೆಯ ವರ್ಷದ ವಿದ್ಯಾರ್ಥಿಗೆ ಅದಿಲ್ಲ. ಈ ಪಂದ್ಯದ ಲೆಕ್ಕವನ್ನು ಬೇರೆ ಇಡಬೇಕೆಂದು ನಾನು ಹೇಳುವುದು ಅದಕ್ಕಾಗಿ.

ಹಾಗಾದರೆ ಯಾವಾಗ ತೆಗೆಯಬೇಕು? ನಮ್ಮ ಹಿಂದಿನ ಕೋಚ್ ಜಾನ್ ಕೂಪರ್ ಅವರನ್ನು ತೆಗೆದದ್ದು ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. 1988ರಿಂದ 2000ದವರೆಗೆ ಹದಿಮೂರು ಋತುಗಳಲ್ಲಿ ಅವರು ಗೆದ್ದದ್ದು 111 ಪಂದ್ಯ, ಮಿಷಿಗನ್ ವಿರುದ್ಧ ಗೆದ್ದದ್ದು ಎರಡು. ಹತ್ತು ಸೋಲು, ಒಂದು ಸಮ. ಅಂಕಿಗಿಂತ ಹೆಚ್ಚು ನೋಯಿಸಿದ್ದು ಆ ಸೋಲುಗಳು ಬಂದ ರೀತಿ. 1993ರಲ್ಲಿ ಒಂದೂ ಸೋಲಿಲ್ಲದೆ ಮಿಷಿಗನ್‌ನ ತವರಾದ ಆನ್ ಆರ್ಬರ್‌ಗೆ ಹೋದ ತಂಡ 28–0 ಅಂತರದಲ್ಲಿ ಸೋತು ಬಂದಿತು. 1995ರಲ್ಲೂ ಸೋಲಿಲ್ಲದೆ ಹೋದರು. ಮಿಷಿಗನ್‌ನ ಟಿಮ್ ಬಿಯಾಕಬುಟುಕಾ ಒಬ್ಬರೇ ಚೆಂಡು ಹಿಡಿದು 313 ಗಜ ಓಡಿದರು, ಪಂದ್ಯ 31–23ರಲ್ಲಿ ಕೈತಪ್ಪಿತು. 1996ರಲ್ಲಿ ಪಂದ್ಯ ನಮ್ಮದೇ ಅಂಗಳದಲ್ಲಿತ್ತು, ವಿರಾಮದ ಹೊತ್ತಿಗೆ 9–0 ಮುನ್ನಡೆಯೂ ಇತ್ತು. ವಿರಾಮದ ನಂತರ ಮಿಷಿಗನ್‌ನ ಬ್ರಯಾನ್ ಗ್ರೀಸಿ ಎಸೆದ ಸಾಧಾರಣ ಪಾಸೊಂದನ್ನು ಟಾಯ್ ಸ್ಟ್ರೀಟ್ಸ್ ಹಿಡಿದರು. ಅವರನ್ನು ಕಾಯಬೇಕಾಗಿದ್ದ ಶಾನ್ ಸ್ಪ್ರಿಂಗ್ಸ್, ದೇಶದಲ್ಲೇ ಉತ್ತಮ ರಕ್ಷಕರಲ್ಲೊಬ್ಬರು, ಕಾಲು ಜಾರಿ ಬಿದ್ದರು. ಸ್ಟ್ರೀಟ್ಸ್ ನಮ್ಮ ಕೊನೆಯ ಗೆರೆ ದಾಟಿ 69 ಗಜದ ಟಚ್‌ಡೌನ್ ಮುಗಿಸಿದರು. ಕೊನೆಗೆ 13–9. ಕಾಲು ಜಾರಿದ್ದಕ್ಕೆ ಕೋಚನ್ನು ದೂರುವುದು ತಪ್ಪು. ಆದರೆ ಮುನ್ನಡೆ ಇದ್ದಾಗ ಆಟ ಬಿಗಿಯುವುದು, ತಂಡದ ಕೈಕಾಲಿಗೆ ಭಯ ಕಟ್ಟಿಕೊಳ್ಳುವುದು ವರ್ಷ ವರ್ಷವೂ ಮರುಕಳಿಸಿದರೆ ಅದನ್ನು ದುರದೃಷ್ಟ ಎನ್ನಲಾಗದು. 1988ರಲ್ಲಿ ಸೇರಿ ನಾಲ್ಕು ವರ್ಷ ಆಡಿದ ಹುಡುಗನೊಬ್ಬ ಮಿಷಿಗನ್ ವಿರುದ್ಧ ಒಂದು ಗೆಲುವನ್ನೂ ಕಾಣದೆ ಪದವಿ ಪಡೆದು ಹೊರಟುಹೋದ.

ಕೂಪರ್ ಹೋದದ್ದು 2001ರ ಜನವರಿಯ ಆರಂಭದಲ್ಲಿ. ಅದೇ ತಿಂಗಳ 18ರಂದು, ಮಿಷಿಗನ್ ವಿರುದ್ಧದ ಬ್ಯಾಸ್ಕೆಟ್‌ಬಾಲ್ ಪಂದ್ಯದ ವಿರಾಮದಲ್ಲಿ, ಹೊಸ ಕೋಚ್ ಜಿಮ್ ಟ್ರೆಸೆಲ್ ಮೈಕ್ ಹಿಡಿದು ನಿಂತರು. ತರಗತಿಯಲ್ಲಿ, ಸಮಾಜದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಇನ್ನು 310 ದಿನಗಳಿಗೆ ಆನ್ ಆರ್ಬರ್‌ನ ಮೈದಾನದಲ್ಲಿ ನಮ್ಮ ಹುಡುಗರ ಬಗ್ಗೆ ನೀವು ಹೆಮ್ಮೆಪಡುತ್ತೀರಿ ಎಂದರು. ಅವರು ದಿನ ಎಣಿಸಿಕೊಂಡೇ ಬಂದಿದ್ದರು ಎಂಬುದನ್ನು ಗಮನಿಸಬೇಕು. ಟ್ರೆಸೆಲ್ ಯಂಗ್ಸ್‌ಟೌನ್ ಸ್ಟೇಟ್ ಎಂಬ ಸಣ್ಣ ವಿಭಾಗದ ತಂಡಕ್ಕೆ ನಾಲ್ಕು ಪ್ರಶಸ್ತಿ ಗೆದ್ದುಕೊಟ್ಟವರು, ಅದೇ ರಾಜ್ಯದ ಕೋಚ್ ಒಬ್ಬರ ಮಗ, ಹಿಂದೆ ಓಹಾಯೋ ಸ್ಟೇಟ್‌ನಲ್ಲೇ ಸಹಾಯಕರಾಗಿದ್ದವರು. ಈ ಪಂದ್ಯ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನವೆಂಬರ್ 24ರಂದು 26–20ರಲ್ಲಿ ಗೆದ್ದರು. ಮರುವರ್ಷ ಮಿಷಿಗನ್ ಅನ್ನು 14–9ರಲ್ಲಿ ಸೋಲಿಸಿ, ಹದಿನಾಲ್ಕಕ್ಕೆ ಹದಿನಾಲ್ಕೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದರು. 2001ರಿಂದ 2019ರವರೆಗಿನ ಹತ್ತೊಂಬತ್ತು ಮುಖಾಮುಖಿಗಳಲ್ಲಿ ಮೈದಾನದಲ್ಲಿ ನಾವು ಸೋತದ್ದು ಎರಡೇ, 2003 ಮತ್ತು 2011ರಲ್ಲಿ. ನಿಯಮೋಲ್ಲಂಘನೆಯ ಪ್ರಕರಣದಿಂದಾಗಿ 2010ರ ಗೆಲುವನ್ನು ದಾಖಲೆಯಿಂದ ತೆಗೆಯಲಾಯಿತು, ಟ್ರೆಸೆಲ್ ಕೂಡ 2011ರಲ್ಲಿ ರಾಜೀನಾಮೆ ಕೊಟ್ಟರು. ಅದನ್ನು ಮರೆಮಾಚುವ ಇಚ್ಛೆ ನನಗಿಲ್ಲ.

ಈಗ 2024ರ ನವೆಂಬರ್ 30ಕ್ಕೆ ಬರೋಣ, ಏಕೆಂದರೆ ಜನ ನನ್ನನ್ನು ಕೇಳುವಾಗ ಮನಸ್ಸಿನಲ್ಲಿಟ್ಟುಕೊಳ್ಳುವುದು ಆ ದಿನವನ್ನೇ. ಹತ್ತು ಗೆದ್ದು ಒಂದು ಸೋತಿದ್ದ ಓಹಾಯೋ ಸ್ಟೇಟ್, ಆರು ಗೆದ್ದು ಐದು ಸೋತಿದ್ದ ಮಿಷಿಗನ್, ಅದೂ ನಮ್ಮ ತವರಾದ ಕೊಲಂಬಸ್‌ನಲ್ಲಿ. ನಮ್ಮ ರಿಸೀವರ್‌ಗಳು, ಅಂದರೆ ಪಾಸ್ ಹಿಡಿಯುವವರು, ಜೆರಮಾಯಾ ಸ್ಮಿತ್, ಎಮೇಕಾ ಎಗ್‌ಬೂಕಾ. ಅವರಿಗೆ ಚೆಂಡು ಎಸೆದರೆ ತಡೆಯುವುದು ಯಾವ ತಂಡಕ್ಕೂ ಸುಲಭವಲ್ಲ. ಎದುರಾಳಿಯ ಬಲವಿದ್ದದ್ದು ಒಂದೇ ಕಡೆ, ಮಧ್ಯದಲ್ಲಿ ಗೋಡೆಯಂತೆ ನಿಂತ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್ ಎಂಬ ಇಬ್ಬರಲ್ಲಿ. ಓಹಾಯೋ ಸ್ಟೇಟ್ ಮತ್ತೆ ಮತ್ತೆ ಚೆಂಡನ್ನು ಓಡಿಸಿದ್ದು ಆ ಇಬ್ಬರ ನಡುವೆಯೇ. ನಮ್ಮ ಎರಡು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಪ್ರಯತ್ನ) ತಪ್ಪಿದವು, ಎರಡು ಪಾಸ್ ಎದುರಾಳಿಯ ಕೈಸೇರಿದವು, ಕೊನೆಯ ನಿಮಿಷದಲ್ಲಿ ಮಿಷಿಗನ್ ಫೀಲ್ಡ್ ಗೋಲ್ ಒದ್ದು 13–10ರಲ್ಲಿ ಗೆದ್ದಿತು. ಅದು ನಮ್ಮ ಕೋಚ್ ರಯನ್ ಡೇ ಅವರಿಗೆ ಮಿಷಿಗನ್ ಎದುರು ಸತತ ನಾಲ್ಕನೆಯ ಸೋಲು. ನಂತರ ಮೈದಾನದ ಮಧ್ಯದಲ್ಲಿ ಮಿಷಿಗನ್‌ನವರು ಬಾವುಟ ನೆಟ್ಟದ್ದು, ಅದರಿಂದ ಹೊಡೆದಾಟವಾದದ್ದು, ಪೊಲೀಸರು ಪೆಪ್ಪರ್ ಸ್ಪ್ರೇ ಬಳಸಿದ್ದು ಎಲ್ಲರೂ ನೋಡಿದ್ದೇ. ಆ ಬಾವುಟವನ್ನು ಕಿತ್ತವರು ಜ್ಯಾಕ್ ಸಾಯರ್: ಕೊಲಂಬಸ್ ಪಕ್ಕದ ಪಿಕರಿಂಗ್ಟನ್ ಊರಿನವರು, 2021ರಲ್ಲಿ ತಂಡಕ್ಕೆ ಬಂದವರು. ಅವರ ನಾಲ್ಕು ಅವಕಾಶಗಳೂ ಆ ಸಂಜೆಗೆ ಮುಗಿದಿದ್ದವು.

ಮಿಷಿಗನ್‌ನವರು ಹಿಂದಿನ ವರ್ಷಗಳಲ್ಲಿ ಎದುರಾಳಿ ಕೋಚ್‌ಗಳು ಆಟದ ಯೋಜನೆ ತಿಳಿಸಲು ಮಾಡುವ ಸನ್ನೆಗಳನ್ನು ಕದ್ದ ಪ್ರಕರಣವನ್ನು ನಮ್ಮವರು ಕಾರಣವಾಗಿ ಹೇಳುತ್ತಾರೆ. ಆ ಪ್ರಕರಣ ನಿಜ, ಆದರೆ ಅದು ಹೊರಬಿದ್ದದ್ದು 2023ರಲ್ಲಿ; ಮರುವರ್ಷದ ಸೋಲಿಗೆ ಆ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ.

ಅಷ್ಟಾದರೂ ಡೇ ಅವರನ್ನು ತೆಗೆಯಬಾರದೆಂದೇ ನಾನು ಹೇಳಿದೆ, ಅದಕ್ಕಾಗಿ ಗೆಳೆಯರಿಂದ ಬೈಗುಳವನ್ನೂ ಕೇಳಿದೆ. ಈ ಸೋಲಿನ ಕಾರಣ ಕಣ್ಣಿಗೆ ಕಾಣುವಂತಿತ್ತು, ತಿದ್ದಿಕೊಳ್ಳುವಂತಿತ್ತು. ಅಲ್ಲದೆ ಆ ವರ್ಷದಿಂದ, ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಹನ್ನೆರಡು ತಂಡಗಳಿಗೆ ಜಾಗವಿತ್ತು. ಸಾಯರ್ ಮತ್ತು ಜೊತೆಯವರಿಗೆ ಇನ್ನೂ ಆಟ ಉಳಿದಿತ್ತು. ಡಿಸೆಂಬರ್‌ನಲ್ಲಿ ಕೋಚನ್ನು ತೆಗೆದರೆ ಹೊಸ ಆಟಗಾರರು ಸಹಿ ಹಾಕುವ ಹೊತ್ತಿಗೆ ತಂಡಕ್ಕೆ ಯಜಮಾನನೇ ಇರುವುದಿಲ್ಲ, ಇದ್ದವರೂ ವರ್ಗಾವಣೆ ಕೇಳಿಕೊಂಡು ಹೊರಡುತ್ತಾರೆ; ಪೆಟ್ಟು ಬೀಳುವುದು ಯಾರ ಪರವಾಗಿ ನಾವು ಕೂಗಾಡುತ್ತೇವೋ ಆ ಹುಡುಗರಿಗೇ. ಟೆನೆಸಿ ವಿರುದ್ಧದ ಮೊದಲ ಪ್ಲೇಆಫ್ ಪಂದ್ಯದ ದಿನ ಓಹಾಯೋ ಸ್ಟೇಡಿಯಂನಲ್ಲಿ ಎದುರಾಳಿಯ ಕಿತ್ತಳೆ ಬಣ್ಣ ದೊಡ್ಡ ಪ್ರಮಾಣದಲ್ಲಿ ಕಾಣುತ್ತಿತ್ತು. ನಮ್ಮವರೇ ಟಿಕೆಟ್ ಮಾರಿಕೊಂಡಿದ್ದರು. ಅದು ನನಗೆ ಸೋಲಿಗಿಂತ ಹೆಚ್ಚು ಬೇಸರ ತಂದಿತು. ಆ ರಾತ್ರಿ ತಂಡ ಮೊದಲ ಸರದಿಯಲ್ಲೇ ಸ್ಮಿತ್‌ಗೆ ಉದ್ದನೆಯ ಪಾಸ್ ಎಸೆದು ಟಚ್‌ಡೌನ್ ಮಾಡಿತು. ಮೂರು ವಾರಗಳ ಹಿಂದೆ ಮಾಡದೆ ಬಿಟ್ಟದ್ದು ಅದನ್ನೇ. ಅಲ್ಲಿ 42–17, ಆರೆಗಾನ್ ವಿರುದ್ಧ 41–21, ಟೆಕ್ಸಸ್ ವಿರುದ್ಧ 28–14. ಆ ಟೆಕ್ಸಸ್ ಪಂದ್ಯದ ಕೊನೆಯಲ್ಲಿ ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಕೈಯಿಂದ ಚೆಂಡು ಬೀಳಿಸಿ, ಎತ್ತಿಕೊಂಡು, 83 ಗಜ ಓಡಿ ಟಚ್‌ಡೌನ್ ಮಾಡಿದವರು ಅದೇ ಸಾಯರ್. 2025ರ ಜನವರಿ 20ರಂದು ನೋಟರ್ ಡೇಮ್ ಅನ್ನು 34–23ರಲ್ಲಿ ಮಣಿಸಿ ಅವರೆಲ್ಲ ರಾಷ್ಟ್ರೀಯ ಚಾಂಪಿಯನ್ ಆದರು. ಚಿನ್ನದ ಪ್ಯಾಂಟು ಮಾತ್ರ ಸಾಯರ್‌ಗೆ ಸಿಗಲಿಲ್ಲ. ಚಾಂಪಿಯನ್‌ಶಿಪ್ ಆ ಕೊರತೆಯನ್ನು ತುಂಬಿತು ಎನ್ನುವವರಿದ್ದಾರೆ. ಅದು ತುಂಬುವಂಥದ್ದೆಂದು ನನಗೆ ಅನ್ನಿಸುವುದಿಲ್ಲ.

ತಾಳ್ಮೆಯ ಪಾಠವನ್ನು ನಮಗೆ ಕಲಿಸಿದವರು ಮಿಷಿಗನ್‌ನವರೇ ಎಂಬುದು ಹೇಳಲು ಕಹಿಯಾದರೂ ಸತ್ಯ. ಅಲ್ಲಿನ ಕೋಚ್ ಆಗಿದ್ದ ಜಿಮ್ ಹಾರ್ಬಾ ಅವರು ನಮ್ಮೆದುರು ಮೊದಲ ಐದು ಪಂದ್ಯಗಳನ್ನೂ ಸೋತರು. 2020ರಲ್ಲಿ ಅವರ ತಂಡ ಎರಡು ಗೆದ್ದು ನಾಲ್ಕು ಸೋತಿತು. ವಿಶ್ವವಿದ್ಯಾಲಯ ಅವರನ್ನು ತೆಗೆಯಲಿಲ್ಲ, ಸಂಬಳ ಕಡಿತ ಮಾಡಿ ಉಳಿಸಿಕೊಂಡಿತು. ಅವರು ರಕ್ಷಣಾ ವಿಭಾಗದ ಕೋಚನ್ನು ಬದಲಿಸಿದರು, 2021ರಲ್ಲಿ ನಮ್ಮನ್ನು 42–27ರಲ್ಲಿ ಸೋಲಿಸಿದರು, 2024ರ ಜನವರಿಯಲ್ಲಿ ಚಾಂಪಿಯನ್ ಆಗಿಯೇ ಹೊರಟರು. ಆತುರಕ್ಕೆ ಉದಾಹರಣೆ ಬೇಕಿದ್ದರೆ ನಮ್ಮ ಮನೆಯಲ್ಲೇ ಇದೆ. 1987ರಲ್ಲಿ ಕೋಚ್ ಅರ್ಲ್ ಬ್ರೂಸ್ ಅವರನ್ನು ತೆಗೆಯುವ ಸುದ್ದಿಯನ್ನು ಮಿಷಿಗನ್ ಪಂದ್ಯದ ವಾರದಲ್ಲೇ ಪ್ರಕಟಿಸಿದರು. ಆಟಗಾರರು ಅವರ ಹೆಸರು ಬರೆದ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಆಡಿ 23–20ರಲ್ಲಿ ಗೆದ್ದರು. ಮಿಷಿಗನ್ ವಿರುದ್ಧ ಐದು ಗೆದ್ದು ನಾಲ್ಕು ಸೋತಿದ್ದ ಅವರ ಜಾಗಕ್ಕೆ ಬಂದವರೇ ಕೂಪರ್.

2025ರ ನವೆಂಬರ್ 29ರಂದು, ಹಿಮ ಬೀಳುತ್ತಿದ್ದ ಆನ್ ಆರ್ಬರ್‌ನಲ್ಲಿ, ಡೇ ಅವರ ತಂಡ 27–9ರಲ್ಲಿ ಗೆದ್ದಿತು. ಅದಾದ ಮೇಲೆ ಕೋಚ್ ಬದಲಾದದ್ದು ಆ ಕಡೆ: ಯೂಟಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಆಗಿ 21 ಋತುಗಳನ್ನು ಕಳೆದ ಕೈಲ್ ವಿಟಿಂಗ್‌ಹ್ಯಾಮ್ ಮಿಷಿಗನ್‌ಗೆ ಬಂದಿದ್ದಾರೆ. ಅವರ ತಂಡಗಳು ಎದುರಾಳಿಯನ್ನು ಮೈಬಲದಿಂದಲೇ ದಣಿಸಿ ಆಡುವಂಥವು, ಅಂದರೆ 2024ರಲ್ಲಿ ನಮ್ಮನ್ನು ಕಟ್ಟಿಹಾಕಿದ ಬಗೆಯ ಆಟವೇ ಅವರದ್ದು. ಅಂಥ ತಂಡದ ಎದುರು ಡೇ ಮತ್ತೆ ಮಧ್ಯದ ಗೋಡೆಗೇ ತಲೆ ಚಚ್ಚಿಕೊಂಡರೆ, ಮತ್ತು ಅದು ಒಂದಲ್ಲ ಎರಡು ವರ್ಷ ಹಾಗೆಯೇ ನಡೆದರೆ, ಋತು ಮುಗಿದ ಮೇಲೆ ಅವರು ಹೋಗಲಿ ಎಂದು ನಾನೂ ಹೇಳುತ್ತೇನೆ. ಅಲ್ಲಿಯವರೆಗೆ ನನ್ನ ಬೆಂಬಲ ಅವರಿಗೇ.