ಏಪ್ರಿಲ್‌ನಲ್ಲೂ ಹಸಿರಾಗಿರೋ ಜಾಗ: ಕೊಪ್ಪಳದ ಗುಡ್ಡಗಳಲ್ಲಿ ನೀರಿನ ಬೇಟೆ

ಗಂಗಾವತಿ, ಆನೆಗೊಂದಿ ಕಡೆ ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದುಹೋದರೆ ತಾನೇ ಫೋಟೋ ತೆಗೆಯೋದು) ಕಟ್ಟುವವರಿಗೆ ಕ್ಯಾಮೆರಾಕ್ಕಿಂತ ದೊಡ್ಡ ತಲೆನೋವು ನೀರು. ಮಳೆ ನಿಂತ ಹೊಸದರಲ್ಲಿ ಪ್ರತಿ ಹಾಸುಬಂಡೆಯ ಮೇಲೂ ದೊಣೆ ತುಂಬಿರುತ್ತೆ. ಪ್ರಾಣಿ ಎಲ್ಲಿ ಬೇಕಾದರೂ ಕುಡಿಯುತ್ತೆ, ನಮ್ಮ ಕಾರ್ಡ್ ತುಂಬ ಮೇಕೆ. ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿ ಕರೆದ ಹಾಗೆ ಇಲ್ಲಿ ಕರೆಯೋಕಾಗಲ್ಲ. ಕಡುಬೇಸಿಗೆಯಲ್ಲೂ ಬತ್ತದ ಜಾಗವೇ ಬೇಕು. ಈ ಸಲ ಅದಕ್ಕೊಂದು ದಾರಿ ಸಿಕ್ಕಿದೆ.

ನೀರಿನ ಸೂಚ್ಯಂಕ, ಅಂದರೆ ನೀರಿರೋ ಜಾಗವನ್ನು ನೀಲಿಯಾಗಿ ತೋರಿಸೋ ಲೆಕ್ಕ, ಹಾಕಿ ಉಪಗ್ರಹ ಚಿತ್ರ ಜಾಲಾಡೋದು ಎಲ್ಲರೂ ಮಾಡಿರ್ತೀರಿ. ಸೆಂಟಿನೆಲ್-2 ಉಪಗ್ರಹದ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ನಮ್ಮ ದೊಣೆಗಳು ಒಂದು ಎಮ್ಮೆ ಮಲಗಿದರೆ ಮುಗೀತು, ಅಷ್ಟಗಲ. ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಭತ್ತದ ಗದ್ದೆಗಳೆಲ್ಲ ನೀಲಿ. ಚಳಿಗಾಲದ ಚಿತ್ರದಲ್ಲಿ ಬಂಡೆಯ ನೆರಳೂ ನೀಲಿ. 1984ರಿಂದ ಲೆಕ್ಕ ಇಟ್ಟಿರೋ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ನೀರಿನ ನಕ್ಷೆಯ ಪಿಕ್ಸೆಲ್ 30 ಮೀಟರ್. ಅದರಲ್ಲಿ ತುಂಗಭದ್ರಾ ಜಲಾಶಯ ಬಹಳ ಚಂದ ಕಾಣುತ್ತೆ. ಜಲಾಶಯ ಹುಡುಕೋಕೆ ನಕ್ಷೆ ಯಾರಿಗೆ ಬೇಕು?

ಅದಕ್ಕೇ ನೀರನ್ನು ಬಿಟ್ಟು ಹಸಿರಿನ ಬೆನ್ನು ಹತ್ತಿದೆ. ಬೋಳು ಗ್ರಾನೈಟ್ ಮೇಲೆ ಬಿದ್ದ ಮಳೆ ಬಿರುಕುಗಳೊಳಗೆ ಇಳಿದು ಬಂಡೆಯ ಬುಡದಲ್ಲಿ ಒರತೆಯಾಗಿ ಜಿನುಗುತ್ತೆ. ಅಲ್ಲಿ ಈಚಲು, ಜೊಂಡು ಏನಾದರೊಂದು ಬೇಸಿಗೆಯಲ್ಲೂ ಹಸಿರಾಗಿ ನಿಂತಿರುತ್ತೆ. ಏಪ್ರಿಲ್ ಕೊನೆಯ ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಹಸಿರು ಅಳೆಯೋ ಸೂಚ್ಯಂಕ) ತೆಗೆದು, ಸುತ್ತ ಒಣಗಿದ್ದರೂ ಹಸಿರಾಗಿರೋ ಚುಕ್ಕೆಗಳನ್ನು ಹೆಕ್ಕಿದೆ.

ಬಂದದ್ದೆಲ್ಲ ಬಳ್ಳಾರಿ ಜಾಲಿ! ಆ ಗಿಡದ ಬೇರು ಪಾತಾಳಕ್ಕೆ ಇಳಿದಿರುತ್ತೆ, ಮೇಲೆ ತೊಟ್ಟು ನೀರಿಲ್ಲದಿದ್ದರೂ ಹಸಿರು. ಬೇಲಿ, ರಸ್ತೆ ಬದಿ, ಬತ್ತಿದ ಕೆರೆಯಂಗಳ, ಎಲ್ಲೆಲ್ಲೂ ಅದೇ. ಮುಳ್ಳು ಚುಚ್ಚಿದ ಬೈಕ್ ಟ್ಯೂಬಿನ ಲೆಕ್ಕ ಬೇರೆ.

ಜಾಲಿ ಸೋಸಿದ್ದು ಹೀಗೆ. ವರ್ಷಪೂರ್ತಿ ಎನ್‌ಡಿವಿಐ ಏಳದ ಪಿಕ್ಸೆಲ್ಲುಗಳನ್ನು ಬರಿ ಬಂಡೆ ಅಂತ ಗುರುತಿಸಿ, ಅದರ ಇಳಿಜಾರಿನ ಬುಡಕ್ಕೆ ಅಂಟಿಕೊಂಡ ಹಸಿರನ್ನಷ್ಟೇ ಉಳಿಸಿಕೊಂಡೆ. ಅದರಲ್ಲೂ ಅಗಲವಾಗಿ ಹರಡಿದ್ದನ್ನು ತೆಗೆದೆ: ಜಾಲಿ ಹಬ್ಬುತ್ತೆ, ಒರತೆ ಹಸಿರು ಒಂದೆರಡು ಪಿಕ್ಸೆಲ್ಲಿಗೇ ನಿಲ್ಲುತ್ತೆ. ಆಮೇಲೆ ಬೇರೆ ಬೇರೆ ವರ್ಷದ ಏಪ್ರಿಲ್ ಚಿತ್ರ ಒಂದರ ಮೇಲೊಂದು ಇಟ್ಟೆ. ಬರದ ವರ್ಷದಲ್ಲೂ ಉಳಿದ ಚುಕ್ಕೆಗೆ ಮೊದಲ ಮರ್ಯಾದೆ.

ಅಂಥ ಒಂದು ಚುಕ್ಕೆಯ ಹತ್ತಿರ ಕುರಿ ಬಿಟ್ಟುಕೊಂಡು ಕೂತಿದ್ದ ಅಜ್ಜನನ್ನು ಕೇಳಿದೆ. "ನೀರ್ ಕಾಣಂಗಿಲ್ರಿ, ತೋಡಿದ್ರ ಬರ್ತೈತಿ" ಅಂದ. ಈಚಲ ಬುಡದ ಮರಳಲ್ಲಿ ಮೊಳಕೈ ಆಳದ ಗುಂಡಿ, ತಳದಲ್ಲಿ ಬೊಗಸೆಯಷ್ಟು ಕೆಂಪು ನೀರು, ಅಂಚಿನ ಒದ್ದೆಗೆ ಜೇನು ಮುತ್ತಿಕೊಂಡಿತ್ತು. ಹಂದಿ ಗೊರಸಿನ ಗುರುತಿನ ಮೇಲೆ ನಾಯಿಯಂಥ ಹೆಜ್ಜೆ. ಕುರಿಗಾರರ ನಾಯಿಯದೋ ತೋಳದ್ದೋ, ಹೆಜ್ಜೆ ನೋಡಿ ಪಣ ಕಟ್ಟುವ ಧೈರ್ಯ ನನಗಿಲ್ಲ.

ಜಾಗ ಪಟ್ಟಾ ಜಮೀನು, ಮಾಲೀಕರು ಒಪ್ಪಿದ್ದಾರೆ. ಅರಣ್ಯದ ಗಡಿ ದಾಟಿದರೆ ಇಲಾಖೆಯ ಅನುಮತಿ ಬೇಕೇ ಬೇಕು. ಕ್ಯಾಮೆರಾ ಗುಂಡಿಗೆ ಕಟ್ಟಿಲ್ಲ, ಅಲ್ಲಿಗೆ ಬರೋ ಕಾಲುದಾರಿಗೆ ಮೊಳಕಾಲೆತ್ತರದಲ್ಲಿ ಉತ್ತರಕ್ಕೆ ಮುಖ ಮಾಡಿ ಕಟ್ಟಿದ್ದೇನೆ. ಜನ ನೀರಿಗೆ ಬರ್ತಾರೆ, ಅವರ ಫೋಟೋ ನಮಗೆ ಬೇಡ. ಲೊಕೇಶನ್ ಕೇಳಬೇಡಿ, ಕೊಡಲ್ಲ. ಬೇಸಿಗೆ ನೀರಿನ ಹತ್ತಿರ ಹೊಂಚು ಹಾಕೋದು ನಾವು ಮಾತ್ರ ಅಲ್ಲ, ಕಳ್ಳಬೇಟೆಯವರೂ.

ಕ್ಯಾಮೆರಾದ ಮೊದಲ ಕಂತಿನ ಚಿತ್ರಗಳಲ್ಲಿ ಮುಳ್ಳುಹಂದಿ, ನರಿ, ಮತ್ತೆ ಬೆಳಗಿನ ಜಾವದ ಒಂದು ತೋಳ, ಮುಂಗಾಲು ಮೊಣಕಾಲವರೆಗೂ ಕೆಸರು. ತೋಳ ಅಂತ ಪಣ ಕಟ್ಟಿದ್ದರೆ ಗೆಲ್ಲುತ್ತಿದ್ದೆ. ಮಧ್ಯಾಹ್ನದ ಚಿತ್ರ ಒಂದೂ ಇಲ್ಲ. ಬಂಡೆ ಕಾದು ಪ್ರಾಣಿಯ ಮೈಬಿಸಿಗೆ ಸಮ ಬಂದರೆ ಮೈಬಿಸಿಯ ವ್ಯತ್ಯಾಸ ನೋಡಿ ಕ್ಯಾಮೆರಾ ಎಬ್ಬಿಸೋ ಪಿಐಆರ್ ಸೆನ್ಸರ್ ಕುರುಡು, ಅದು ಗೊತ್ತಿದ್ದದ್ದೇ. ಆದರೆ ಕೊನೆಯ ಫೈಲುಗಳು ಹಾಳಾದದ್ದು ಸೆನ್ಸರ್‌ನಿಂದಲ್ಲ. 64 ಜಿಬಿ ಅಂತ ಬರೆದ ಕಾರ್ಡಿನೊಳಗೆ 8 ಜಿಬಿ ಇತ್ತು. ಮಾರಿದ ಪುಣ್ಯಾತ್ಮ "ಫಾರ್ಮ್ಯಾಟ್ ಮಾಡಿ ನೋಡಿ ಸರ್" ಅಂತ ಇನ್ನೂ ಹೇಳ್ತಾನೇ ಇದ್ದಾನೆ.

ಇನ್ನೊಂದು ಹುಚ್ಚು ತಲೇಲಿ ಕೂತಿದೆ. ಪೇಂಟೆಡ್ ಸ್ಯಾಂಡ್‌ಗ್ರೌಸ್ ಅನ್ನೋ ಹಕ್ಕಿ ಹೊತ್ತು ಮುಳುಗಿದ ಮೇಲೆ ನೀರಿಗೆ ಇಳಿಯುತ್ತೆ, ಅದರದೇ ಜಾತಿಯ ಚೆಸ್ಟ್‌ನಟ್-ಬೆಲ್ಲೀಡ್ ಸ್ಯಾಂಡ್‌ಗ್ರೌಸ್ ಬೆಳಿಗ್ಗೆ ಬಿಸಿಲೇರಿದ ಮೇಲೆ. ಎರಡೂ ಕೂಗುತ್ತಾ ಬರುತ್ವೆ. ಚುಕ್ಕೆಗಳ ಹತ್ತಿರ ಅಗ್ಗದ ಆಡಿಯೋ ರೆಕಾರ್ಡರ್ ಇಟ್ಟರೆ, ಯಾವುದರಲ್ಲಿ ನಿಜಕ್ಕೂ ನೀರಿದೆ ಅಂತ ಹಕ್ಕಿಗಳೇ ಹೇಳಬಹುದು. ಮೈಕಿನ ಮೇಲೆ ಗಾಳಿ ಹೊಡೆತ ತಡೆಯೋಕೆ ಯಾರಾದರೂ ಏನಾದರೂ ಕಟ್ಟಿದ್ದರೆ ತಿಳಿಸಿ. ಸ್ಪಾಂಜ್ ಕಟ್ಟಿದ್ದೆ, ಇರುವೆ ಗೂಡು ಮಾಡಿದವು.